ಮೂರು ವರ್ಷಕ್ಕೆ ಮೂರು ಸ್ಟ್ರೀಮಿಂಗ್ ಬಾಕ್ಸ್ ಹೋಯ್ತು, ಬಾಳಿಕೆ ಬರೋದು ಯಾವ್ದಾದ್ರೂ ಇದ್ಯಾ?

ಕಾನ್ಮನೆ ಹುಡುಗ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೊಂಡಾದ್ರೂ ಓದಿ. ನಾನಿರೋದು ಬೆಂಗ್ಳೂರಲ್ಲಿ, ಅಪ್ಪ ಅಮ್ಮ ಸಾಗರದ ಹತ್ರ ಹಳ್ಳೀಲಿ. ಮನೇಲಿ 2014ರಲ್ಲಿ ತಗೊಂಡ 32 ಇಂಚಿನ ಮಾಮೂಲಿ ಎಲ್‌ಇಡಿ ಟಿವಿ, ಸ್ಮಾರ್ಟ್ ಗೀರ್ಟ್ ಏನಲ್ಲ, ಆದ್ರೆ ಇವತ್ತಿಗೂ ಸ್ಕ್ರೀನಲ್ಲಿ ಒಂದು ಗೆರೆ ಬಂದಿಲ್ಲ. ಊರಿಗೆ ಫೈಬರ್ ನೆಟ್ ಬಂದ್ಮೇಲೆ ನಾನೇ ಉಮೇದಲ್ಲಿ ನೆಟ್ಟಿನ ವಿಡಿಯೋನ ಟಿವೀಲಿ ತೋರ್ಸೋ ಬಾಕ್ಸ್ ಹಾಕೋದು ಶುರು ಮಾಡಿದ್ದು. ಅಪ್ಪಂಗೆ ಯೂಟ್ಯೂಬಲ್ಲಿ ಯಕ್ಷಗಾನ, ಅಮ್ಮಂಗೆ ಬಿಟ್ಟೋದ ಸೀರಿಯಲ್ ಎಪಿಸೋಡು, ಇಷ್ಟೇ ಬೇಕಾಗಿರೋದು.

ಮೊದಲನೇದು 2022ರಲ್ಲಿ, ಆನ್‌ಲೈನಲ್ಲಿ 2,200 ರೂಪಾಯಿದು, ಹೆಸರೂ ಇಲ್ಲ ಊರೂ ಇಲ್ಲದ ಕಪ್ಪು ಡಬ್ಬಿ. ಎಂಟು ತಿಂಗ್ಳು ಓಡ್ತು, ಆಮೇಲೆ ಲೋಗೋ ತೋರ್ಸಿ ಅಲ್ಲೇ ನಿಂತ್ಕೊಳ್ಳೋದು. ಎರಡನೇದು ಒಳ್ಳೆ ಕಂಪನಿ ಸ್ಟಿಕ್ಕು (ಟಿವಿ ಹಿಂದೆ ನೇರ ಚುಚ್ಚೋ ಪೆನ್‌ಡ್ರೈವ್ ಥರದ್ದು, ಹೆಸ್ರು ಬೇಡ ಬಿಡಿ), ಅದು ಮೊದಲ ದಿನದಿಂದ್ಲೇ ನೋಡ್ತಾ ನೋಡ್ತಾ ತಾನೇ ಆಫ್ ಆಗಿ ಆನ್ ಆಗೋದು, ಹೆಂಗೋ ಸಹಿಸ್ಕೊಂಡಿದ್ರು, ಹೋದ್ ವರ್ಷ ಮೇ ತಿಂಗಳ ಗುಡುಗಿಗೆ ಪೂರ್ತಿ ಸತ್ತೋಯ್ತು. ಮೂರನೇದು ಕಳೆದ ದೀಪಾವಳಿಗೆ ತಗೊಂಡ ಬಾಕ್ಸು. ಅದಕ್ಕೆ ಈಗ ಹೊಸ ರೋಗ. ಕರೆಂಟ್ ಹೋಗಿ ಬಂದ್ರೆ ವೈಫೈ ಕನೆಕ್ಟೆಡ್ ಅಂತ ತೋರ್ಸುತ್ತೆ, ಕೆಳಗಡೆ ಇಂಟರ್ನೆಟ್ ಇಲ್ಲ ಅನ್ನುತ್ತೆ, ಅದೇ ವೈಫೈಲಿ ಅಪ್ಪನ ಫೋನಲ್ಲಿ ಎಲ್ಲಾ ಸರಿಯಾಗಿ ಓಡ್ತಿರುತ್ತೆ. ಒಂದೊಂದ್ಸಲ ಎರಡು ತಾಸು ಬಿಟ್ಟು ತಾನೇ ಸರಿ ಆಗುತ್ತೆ. ನಾನು ಇಲ್ಲಿಂದ ಫೋನಲ್ಲಿ "ಸೆಟ್ಟಿಂಗ್ಸ್ ಹೋಗಿ, ಬಲಕ್ಕೆ ಒತ್ತಿ, ಕೆಳಗೆ ಒತ್ತಿ" ಅಂತ ಹೇಳಿ ಹೇಳಿ ಗಂಟ್ಲು ಬಿದ್ದೋಗಿದೆ.

ಅಪ್ಪ ಹೇಳೋದು, ಹಳೇ ಡಿಶ್ಶೇ ವಾಸಿ, ಮಳೆ ಬಂದಾಗ ಮಾತ್ರ ಹೋಗ್ತಿತ್ತು, ಇದು ಬಿಸ್ಲಲ್ಲೂ ಹೋಗುತ್ತೆ ಅಂತ.

ಬಜೆಟ್ 5-6 ಸಾವಿರ. ಹತ್ತು ವರ್ಷ ಬೇಡ, ನಾಲ್ಕೈದು ವರ್ಷ ಅಲುಗಾಡದೆ ಇರೋದು ಯಾವ್ದು? ವೈಫೈ ನಂಬದೆ ರೂಟರಿಂದ ಲ್ಯಾನ್ ವೈರ್ ಎಳೆಯೋ ಯೋಚ್ನೇನೂ ಇದೆ.

ರಾಜಾಜಿನಗರ 10:

ಸ್ಮಾರ್ಟ್ ಟಿವಿ ತಗೊಳ್ಳಿ ಗುರೂ, ತಲೆನೋವೇ ಇಲ್ಲ.

ಕಾನ್ಮನೆ ಹುಡುಗ:

ಟಿವಿ ಚೆನ್ನಾಗೇ ಇದ್ಯಲ್ಲ ಗುರೂ. ಚೆನ್ನಾಗಿರೋದನ್ನ ಎಸೆಯೋಕೆ ಅಪ್ಪ ಬಿಡಲ್ಲ, ನಂಗೂ ಮನಸಿಲ್ಲ.

ಸೋಲ್ಡರ್ ಸೋಮಣ್ಣ:

ಸ್ಮಾರ್ಟ್ ಟಿವಿ ತಗೊಂಡ್ರೆ ತಲೆನೋವು ಟಿವಿ ಒಳಗಡೆ ಹೋಗಿ ಕೂರುತ್ತೆ ಅಷ್ಟೇ. ಬಾಕ್ಸ್ ಹಳೇದಾದ್ರೆ ಬಾಕ್ಸ್ ಬದಲಾಯಿಸ್ಬೋದು, ಟಿವಿ ಒಳಗಿನ ಪ್ರೊಸೆಸರ್ ಹಳೇದಾದ್ರೆ ಏನ್ ಮಾಡ್ತೀರ? ಐದು ವರ್ಷದ ಟಿವಿ ಪ್ಯಾನೆಲ್ ಫಸ್ಟ್ ಕ್ಲಾಸ್ ಇರುತ್ತೆ, ಆ್ಯಪ್ ಓಪನ್ ಆಗೋಕೆ ಒಂದು ಲೋಟ ಕಾಫಿ ಕುಡಿದು ಮುಗಿಯುತ್ತೆ, ಅವ್ರೂ ಕೊನೆಗೆ ಬಂದು ಕೇಳೋದು ಯಾವ ಬಾಕ್ಸ್ ತಗೊಳ್ಲಿ ಅಂತಾನೇ.

ಇರ್ಲಿ. ನಾನು ರಿಪೇರಿ ಮಾಡೋನು, ಇಪ್ಪತ್ತು ವರ್ಷ ಆಯ್ತು, ಮೊದಲು ಟಿವಿ ಆಮೇಲೆ ಸೆಟ್‌ಟಾಪ್ ಬಾಕ್ಸ್ ಈಗ ಇವೇ. ನಿಮ್ಮ ಮೂರೂ ಬಾಕ್ಸ್ ಬೇರೆ ಬೇರೆ ಕಾರಣಕ್ಕೆ ಹೋಗಿರೋ ಹಂಗೆ ಕಾಣುತ್ತೆ, ನೀವು ಮೂರನ್ನೂ ಒಂದೇ ಗಂಟಲ್ಲಿ ಕಟ್ಟಿ ಬಾಕ್ಸೇ ಸರಿ ಇಲ್ಲ ಅಂತಿದೀರ.

ಮೊದಲು ಮೂರನೇದು, ಯಾಕಂದ್ರೆ ಅದು ಇನ್ನೂ ಜೀವಂತ ಇದೆ. ನೆಟ್ ಇಲ್ಲ ಅಂದಾಗ ಸೆಟ್ಟಿಂಗ್ಸಲ್ಲಿ ತಾರೀಖು ಎಷ್ಟು ತೋರ್ಸುತ್ತೆ ಅಂತ ನೋಡೋಕೆ ಹೇಳಿ. ನಂಗೆ ಅದ್ರ ಮೇಲೇ ಅನುಮಾನ. ಕಂಪ್ಯೂಟರಲ್ಲಾದ್ರೆ ಒಂದು ಬಟನ್ ಸೆಲ್ ಇರುತ್ತೆ, ಕರೆಂಟ್ ಹೋದ್ರೂ ಗಡಿಯಾರ ಓಡ್ತಿರುತ್ತೆ. ಈ ಬಾಕ್ಸ್‌ಗಳಲ್ಲಿ ಸುಮಾರಕ್ಕೆ ಆ ಸೆಲ್ ಇರಲ್ಲ, ಎಂಟು ರೂಪಾಯಿ ಉಳಿಸ್ತಾರೆ. ಪ್ರತಿ ಸಲ ಆನ್ ಆದಾಗ ನೆಟ್‌ನಿಂದ ಟೈಮ್ ಕೇಳಿ ತಗೋಬೇಕು. ಆಗ್ಲಿಲ್ಲ ಅಂದ್ರೆ 1970ನೋ 2015ನೋ ಅಂದ್ಕೊಂಡು ಕೂತಿರುತ್ತೆ. ಯೂಟ್ಯೂಬ್ ಥರದ ಎಲ್ಲಾ ಆ್ಯಪ್‌ಗೂ ಸರ್ವರ್ ಜೊತೆ ಮಾತಾಡೋಕೆ ಮುಂಚೆ ಅದ್ರ ಸರ್ಟಿಫಿಕೇಟ್ (ಸರ್ವರ್ ಅಸಲಿ ಅಂತ ತೋರ್ಸೋ ಗುರ್ತಿನ ಚೀಟಿ) ಚೆಕ್ ಮಾಡ್ಬೇಕು, ಆ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಇರುತ್ತೆ. ಬಾಕ್ಸಿನ ಲೆಕ್ಕದಲ್ಲಿ ಇವತ್ತು 2015 ಆಗಿದ್ರೆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಹಂಗಾಗಿ ವೈಫೈ ಇದೆ, ನೆಟ್ ಇಲ್ಲ.

ಯಾಕೆ ಟೈಮ್ ಸಿಗಲ್ಲ ಅಂದ್ರೆ, ಕರೆಂಟ್ ಬಂದ ತಕ್ಷಣ ಬಾಕ್ಸೂ ರೂಟರ್ರೂ ಒಟ್ಟಿಗೆ ಆನ್ ಆಗುತ್ತೆ, ಬಾಕ್ಸು ಬೇಗ ಎದ್ದು ಟೈಮ್ ಕೇಳುತ್ತೆ, ಫೈಬರ್ ಮೋಡೆಮ್ ಇನ್ನೂ ಲೈನ್ ಹಿಡಿಯೋದ್ರಲ್ಲಿ ಇರುತ್ತೆ. ಬಾಕ್ಸು ಒಂದೆರಡು ಸಲ ಕೇಳಿ ಸುಮ್ನಾಗುತ್ತೆ, ಮತ್ತೆ ಯಾವಾಗ್ಲೋ ಕೇಳುತ್ತೆ. ನಿಮ್ಮ "ಎರಡು ತಾಸು ಬಿಟ್ಟು ತಾನೇ ಸರಿ" ಅನ್ನೋದು ಇದೇ ಇರ್ಬೇಕು. ಮೋಡೆಮ್ಮಿಗೆ ಒಂದು 12 ವೋಲ್ಟ್ ಮಿನಿ ಯುಪಿಎಸ್ ಹಾಕಿ, ಕರೆಂಟ್ ಹೋದ್ರೂ ಮೋಡೆಮ್ ಆನ್ ಇರುತ್ತೆ, ಸಾವಿರ-ಸಾವಿರದೈನೂರಕ್ಕೆ ಸಿಗುತ್ತೆ. ಮೋಡೆಮ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಾನೇ ಇದ್ಯಾ ನೋಡ್ಕೊಂಡು ತಗೊಳ್ಳಿ, ಕೆಲವಕ್ಕೆ 9 ಇರುತ್ತೆ.

ಎರಡನೇದು, ಸ್ಟಿಕ್ಕು. ಅದಕ್ಕೆ ಕರೆಂಟ್ ಎಲ್ಲಿಂದ ಕೊಟ್ಟಿದ್ರಿ? ಟಿವಿ ಹಿಂದಿನ ಯುಎಸ್‌ಬಿಯಿಂದ ಅಲ್ವಾ?

ಕಾನ್ಮನೆ ಹುಡುಗ:

ಹೌದು ಸಾರ್, ಟಿವಿ ಯುಎಸ್‌ಬಿಗೇ ಚುಚ್ಚಿದ್ದೆ! ಪ್ಲಗ್ ಪಾಯಿಂಟ್ ಕಮ್ಮಿ ಇತ್ತು, ಟಿವಿ ಆಫ್ ಮಾಡಿದ್ರೆ ಸ್ಟಿಕ್ಕೂ ಆಫ್ ಆಗುತ್ತೆ, ಅಪ್ಪಂಗೆ ಸುಲಭ ಅಂತ. ಅದ್ರ ಜೊತೆ ಬಂದ ಅಡಾಪ್ಟರ್ ಈಗ ಅಮ್ಮನ ಫೋನ್ ಚಾರ್ಜರ್ರು.

ಇನ್ನೊಂದು ಹೇಳೋದು ಮರ್ತೆ. ಆ ಗುಡುಗಿನ ದಿನದಿಂದ ಟಿವಿದು ಒಂದು ಎಚ್‌ಡಿಎಂಐ ಪೋರ್ಟೂ (ಬಾಕ್ಸ್ ಚುಚ್ಚೋ ತೂತು) ಕೆಲ್ಸ ಮಾಡ್ತಿಲ್ಲ. ಈಗ ಎರಡನೇದ್ರಲ್ಲಿ ಓಡ್ತಿದೆ.

ಸೋಲ್ಡರ್ ಸೋಮಣ್ಣ:

ಅಲ್ಲೇ ಇದೆ ನೋಡಿ ಕತೆ. ಹಳೇ ಟಿವಿಯ ಯುಎಸ್‌ಬಿ ಪೆನ್‌ಡ್ರೈವಿಗೆ ಅಂತ ಇಟ್ಟಿರೋದು, ಅರ್ಧ ಆಂಪ್ಸ್ ಕೊಡುತ್ತೆ. ಸ್ಟಿಕ್ಕಿಗೆ 1 ಆಂಪ್ಸ್ ಬೇಕು. ಮೆನುವಲ್ಲಿ ಸುಮ್ನೆ ಇದ್ದಾಗ ಸಾಲುತ್ತೆ, ವಿಡಿಯೋ ಶುರು ಆಗಿ ವೈಫೈ ಜೋರಾಗಿ ಎಳೆಯೋಕೆ ಶುರು ಮಾಡಿದ್ರೆ ವೋಲ್ಟೇಜ್ ಕುಸಿಯುತ್ತೆ, ರೀಸ್ಟಾರ್ಟ್. ಅದಕ್ಕೇ ಯಕ್ಷಗಾನದ ಮಧ್ಯೆ ಆಫ್ ಆಗ್ತಿದ್ದಿದ್ದು. ಹಿಂಗೆ ಡೇಟಾ ಬರೆಯೋ ಟೈಮಲ್ಲಿ ಕರೆಂಟ್ ಕಟ್ ಆಗಿ ಕಟ್ ಆಗಿ ಒಳಗಿನ ಮೆಮೊರೀನೂ ಕೆಡುತ್ತೆ. ನಿಮ್ಮ ಮೊದಲನೇ ಡಬ್ಬಿ ಲೋಗೋದಲ್ಲೇ ನಿಂತಿದ್ದು ಬಹುಶಃ ಇದೇ ಜಾತಿ. ಅಗ್ಗದವಕ್ಕೆ ಹಾಕೋ ಮೆಮೊರಿ ಚಿಪ್ಪು 8 ಜಿಬಿ, ಅದ್ರಲ್ಲಿ ಆಂಡ್ರಾಯ್ಡೇ ಮುಕ್ಕಾಲು ತಿಂದಿರುತ್ತೆ, ಉಳಿದ ಚೂರು ಜಾಗದಲ್ಲೇ ಬರೆಯೋದು ಅಳಿಸೋದು ಬರೆಯೋದು ಅಳಿಸೋದು. ಫ್ಲಾಶ್ ಮೆಮೊರಿಗೆ ಇಷ್ಟು ಸಲ ಅಂತ ಆಯಸ್ಸು ಇದೆ.

ಅಂಗಡಿಗೆ "ಬಾಕ್ಸ್ ಸತ್ತೋಗಿದೆ" ಅಂತ ಬರೋದ್ರಲ್ಲಿ ಎಷ್ಟೋ ಕೇಸಲ್ಲಿ ಸತ್ತಿರೋದು ಅಡಾಪ್ಟರ್. ಮೀಟರ್ ಇಟ್ಟು ನೋಡಿದ್ರೆ ಸುಮ್ನೆ ಇದ್ದಾಗ 5 ವೋಲ್ಟ್ ತೋರ್ಸುತ್ತೆ, ಜನ ಅಲ್ಲೇ ಮೋಸ ಹೋಗೋದು. ಲೋಡ್ ಹಾಕಿ ನೋಡಿ, 4.5ಕ್ಕೆ ಇಳಿಯುತ್ತೆ. ಒಳಗೆ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಸಮ ಮಾಡೋ ಬಿಡಿಭಾಗ) ಉಬ್ಬಿರುತ್ತೆ ಇಲ್ಲಾ ಒಣಗಿರುತ್ತೆ. ಕೆಪಾಸಿಟರ್ ವಿಷ್ಯದಲ್ಲಿ ನಮ್ಮೋರ ಲೆಕ್ಕ ಒಂದಿದೆ, 10 ಡಿಗ್ರಿ ಬಿಸಿ ಜಾಸ್ತಿ ಆದ್ರೆ ಆಯಸ್ಸು ಅರ್ಧ. ಟಿವಿ ಹಿಂದೆ ಗೋಡೆಗೆ ಒತ್ತಿಸಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಇಪ್ಪತ್ನಾಲ್ಕು ಗಂಟೆ ಆನ್ ಇಟ್ರೆ ಯಾವ ಕಂಪನಿದಾದ್ರೇನು.

ಹೊಸ ಅಡಾಪ್ಟರ್ ತಗೊಳ್ಳೋವಾಗ ಬಾಕ್ಸ್ ಮೇಲೆ ಎಷ್ಟು ವೋಲ್ಟ್ ಬರೆದಿದ್ಯೋ ಅಷ್ಟೇ ಇರ್ಬೇಕು, ಆಂಪ್ಸ್ ಅದಕ್ಕಿಂತ ಜಾಸ್ತಿ ಇದ್ರೆ ತೊಂದ್ರೆ ಇಲ್ಲ, ಕಮ್ಮಿ ಇರ್ಬಾರ್ದು. ಐಎಸ್ 13252 ಅಂತ ಬಿಐಎಸ್ (ಸರ್ಕಾರದ ಗುಣಮಟ್ಟದ ಸಂಸ್ಥೆ) ಗುರ್ತು, ಜೊತೆಗೆ ಆರ್ ಅಕ್ಷರದಿಂದ ಶುರು ಆಗೋ ನಂಬರ್ ಇದ್ಯಾ ನೋಡಿ.

ಎಚ್‌ಡಿಎಂಐ ಪೋರ್ಟ್ ಹೋಗಿರೋದು ಬೇರೆ ವಿಷ್ಯ. ಹಳೇ ಡಿಶ್ ಇನ್ನೂ ಛಾವಣಿ ಮೇಲೆ ಇದ್ಯಾ? ಅದ್ರ ಕೇಬಲ್ ಇನ್ನೂ ಟಿವಿಗೆ ಬಂದಿದ್ಯಾ?

ಪುತ್ತೂರಿನ ಮಳೆ:

ಸೋಮಣ್ಣ ಕೇಳಿದ್ದು ಸರಿ ಉಂಟು, ನಾನೂ ಅದನ್ನೇ ಕೇಳ್ಬೇಕು ಹೇಳಿ ಬಂದದ್ದು. ನಿಮ್ಮ ಕಡೆಗೂ ನಮ್ಮ ಕಡೆಗೂ ಬಾಕ್ಸಿಗೆ ದೊಡ್ಡ ಶತ್ರು ಸಿಡಿಲು ಮಾರಾಯ್ರೆ. ಏಪ್ರಿಲ್-ಮೇಯಲ್ಲಿ ಒಂದು ಸಲ, ಮಳೆಗಾಲ ಮುಗಿಯುವಾಗ ಸೆಪ್ಟೆಂಬರ್-ಅಕ್ಟೋಬರಲ್ಲಿ ಇನ್ನೊಂದು ಸಲ, ಸಂಜೆ ಹೊತ್ತಿಗೆ ಶುರುವಾದ್ರೆ ಮನೆಯಲ್ಲಿ ಎಂತ ಉಳಿಯುತ್ತದೆ ಎಂತ ಹೋಗುತ್ತದೆ ಹೇಳ್ಲಿಕ್ಕೆ ಆಗುದಿಲ್ಲ.

ಎಲ್ರೂ ಸ್ವಿಚ್ ಆಫ್ ಮಾಡ್ತಾರೆ. ಸ್ವಿಚ್ ಒಳಗೆ ಗ್ಯಾಪ್ ಎಷ್ಟು, ಕೆಲವು ಮಿಲಿಮೀಟರ್. ಆಕಾಶದಿಂದ ಕಿಲೋಮೀಟರುಗಟ್ಟಲೆ ಹಾರಿ ಬಂದದ್ದಕ್ಕೆ ಅದೊಂದು ಲೆಕ್ಕವಾ? ಪ್ಲಗ್ಗೇ ತೆಗೀಬೇಕು. ಅದೂ ಗುಡುಗು ದೂರದಲ್ಲಿ ಕೇಳುವಾಗ ತೆಗೀಬೇಕು, ತಲೆಯ ಮೇಲೆ ಬಂದ ಮೇಲೆ ಹೋಗಿ ಪ್ಲಗ್ ಮುಟ್ಟುದು ಬೇಡ. ಮತ್ತೆ ಪ್ಲಗ್ ತೆಗೆದು ಕೇಬಲ್ ಬಿಟ್ಟರೆ ಅರ್ಧ ಕೆಲಸ ಅಷ್ಟೆ. ನಿಮ್ಮ ಮನೆಯಲ್ಲಿ ಡಿಶ್ಶಿನ ಕೇಬಲ್ ಹಾಗೇ ಇದ್ದಿದ್ರೆ ಅದು ಮಾಡಿನ ಮೇಲಿಂದ ಟಿವಿಯ ಹೊಟ್ಟೆಗೆ ನೇರ ತಾಮ್ರದ ದಾರಿ. ಹತ್ತಿರದ ತೆಂಗಿನ ಮರಕ್ಕೆ ಬಿದ್ದರೂ ಸಾಕು, ಆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಎಚ್‌ಡಿಎಂಐಯ ಆಚೆ ಈಚೆ ಎರಡೂ ಒಟ್ಟಿಗೆ ಹೋದದ್ದು ಅಂದ್ರೆ ಇದೇ ದಾರಿಯಲ್ಲಿ ಬಂದದ್ದು ಅಂತ ನನ್ನ ಅಂದಾಜು.

ಇನ್ನು ನಿಮ್ಮ ಲ್ಯಾನ್ ವೈರ್ ಯೋಚನೆ. ನಾನು ಮಾಡಿ ಸುಟ್ಟುಕೊಂಡವ, ಅದಕ್ಕೆ ಹೇಳ್ತೇನೆ. ನಮ್ಮ ಮನೆ ಮುರಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ, ವೈಫೈ ಒಂದು ಗೋಡೆ ದಾಟಿದ್ರೆ ಪುಣ್ಯ. ಚಾವಡಿಯ ಮೋಡೆಮ್ಮಿಂದ ಮಾಡಿನ ಮೇಲೆ ಹಾಯಿಸಿ ಟಿವಿ ಕೋಣೆಗೆ 25 ಮೀಟರ್ ಲ್ಯಾನ್ ಎಳೆದೆ. ಚಿತ್ರ ಏನು ಸ್ಪಷ್ಟ, ಬಫರಿಂಗ್ ಇಲ್ಲವೇ ಇಲ್ಲ. ಮುಂದಿನ ಅಕ್ಟೋಬರಿಗೆ ಒಂದೇ ಸಿಡಿಲಿಗೆ ಮೋಡೆಮ್, ಬಾಕ್ಸ್, ಟಿವಿ ಮೂರೂ. ಫೈಬರ್ ಗಾಜು, ಅದರಲ್ಲಿ ಸಿಡಿಲು ಬರುದಿಲ್ಲ ಹೇಳಿ ನಾನು ಧೈರ್ಯದಲ್ಲಿ ಇದ್ದೆ. ಗಾಜು ಮೋಡೆಮ್ಮಿನವರೆಗೆ ಮಾತ್ರ. ಅಲ್ಲಿಂದ ಮುಂದೆ ನಾನೇ ತಾಮ್ರ ಕಟ್ಟಿ ಕೊಟ್ಟದ್ದು!

ಈಗ ಎಂತ ಮಾಡಿದ್ದೇನೆ ಅಂದ್ರೆ, ಮನೆ ಒಳಗೇ ಒಂದು ಎರಡನೇ ವೈಫೈ ಡಬ್ಬಿ ಇಟ್ಟಿದ್ದೇನೆ, ಲ್ಯಾನ್ ಎರಡು ಮೀಟರಿನದ್ದು ಮಾತ್ರ. ಮತ್ತೆ ಅರ್ತಿಂಗ್ ಹೊಸತು ಮಾಡಿಸಿದೆ. ಹಳೆ ಮನೆಗಳಲ್ಲಿ ಮೂರು ಕಣ್ಣಿನ ಸಾಕೆಟ್ ಇರುತ್ತದೆ, ಮೂರನೇ ಕಣ್ಣಿನ ಹಿಂದೆ ವೈರೇ ಇರುದಿಲ್ಲ. ಟಿವಿಯ ಹಿಂದೆ ಲೋಹದ ಜಾಗ ಮುಟ್ಟಿದಾಗ ಜುಂ ಅಂತದಾ ನೋಡಿ, ಅಂದ್ರೆ ಅರ್ತಿಂಗ್ ಇಲ್ಲದೆಯೂ ಇರ್ಬಹುದು, ಒಮ್ಮೆ ಪರೀಕ್ಷೆ ಮಾಡಿಸಿ. ಅಂಥ ಕಡೆ ಎಲ್ಲ ಆನ್ ಇರುವಾಗ ಎಚ್‌ಡಿಎಂಐ ಹಾಕಿ ತೆಗೆದು ಮಾಡಿದ್ರೂ ಪೋರ್ಟ್ ಹೋಗುತ್ತದೆ, ಸಿಡಿಲು ಬೇಕಂತಿಲ್ಲ.

ಸ್ಪೈಕ್ ಗಾರ್ಡ್ ತಗೊಳ್ಳಿ ಹೇಳಿ ಯಾರಾದ್ರೂ ಹೇಳ್ತಾರೆ. ತಗೊಳ್ಳಿ. ಆದ್ರೆ ಅದರ ಒಳಗಿರುವ ಎಂಓವಿ (ಜಾಸ್ತಿ ಬಂದ ವೋಲ್ಟೇಜ್ ನುಂಗುವ ಬಿಡಿಭಾಗ) ಪ್ರತಿ ಪೆಟ್ಟಿಗೂ ಸ್ವಲ್ಪ ಸ್ವಲ್ಪ ಸಾಯ್ತಾ ಹೋಗುತ್ತದೆ, ಸತ್ತ ಮೇಲೂ ಅದು ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡಿನ ಹಾಗೆ ಕೆಲಸ ಮಾಡ್ತಾ ಇರುತ್ತದೆ, ಗೊತ್ತೇ ಆಗುದಿಲ್ಲ. ಅರ್ತಿಂಗ್ ಇಲ್ಲದೆ ಅದಕ್ಕೆ ಬಲವೂ ಕಮ್ಮಿ.

ಹುಬ್ಬಳ್ಳಿ ಗಿರಮಿಟ್:

ಎಲ್ಲಾರೂ ಕರೆಂಟಿಗೆ, ಸಿಡಿಲಿಗೆ ಬೈಲಿಕ್ಕತ್ತೀರಿ. ಖರೆ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಡಬ್ಬಿ ಬಂದೋಬಸ್ತ್ ಇದ್ದು, ಕರೆಂಟ್ ಛಲೋ ಇದ್ದು, ನೆಟ್ ಛಲೋ ಇದ್ದೂ ಒಂದಿನ ಬೆಳಗ್ಗೆದ್ದು ನೋಡಿದ್ರ ಬಂದ್ ಬಿದ್ದಿರ್ತದಲ್ಲ, ಅದಕ್ಕೇನ್ ಅಂತೀರಿ?

2025ರ ಮಾರ್ಚ್ 9ಕ್ಕ ಏನಾತು ನೆನಪ್ ಮಾಡ್ಕೊಳ್ರಿ. ಟಿವಿಗೆ ಚುಚ್ಚಿ ಫೋನಿನಿಂದ ವಿಡಿಯೋ ಓಡಿಸೋ ಗೂಗಲ್ಲಿನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್ ಮತ್ತ ಕ್ರೋಮ್‌ಕಾಸ್ಟ್ ಆಡಿಯೋ, ಎರಡೂ ಜಗತ್ತಿನ ತುಂಬ ಒಮ್ಮೆಲೇ ಕೆಲಸ ನಿಲ್ಲಿಸಿದ್ವು. 2015ರಾಗ ಬಂದ ಮಾಲು. ಅದರೊಳಗ ಡಿವೈಸ್ ಅಸಲಿನೋ ನಕಲಿನೋ ಅಂತ ತೋರಿಸೋ ಸರ್ಟಿಫಿಕೇಟ್ ಸರಪಳಿ ಇರ್ತದ, ಅದರೊಳಗಿನ ಒಂದು ಕೊಂಡಿಗೆ ಹತ್ತು ವರ್ಷದ ಅವಧಿ ಇಟ್ಟಿದ್ರು, ಅದು ಅವತ್ತಿಗೆ ಮುಗೀತು. ಮುಗೀತದ ಅಂತ ಹತ್ತು ವರ್ಷದಿಂದ ಗೊತ್ತಿತ್ತು, ಆದ್ರೂ ಮೊದಲ ರಿನ್ಯೂ ಮಾಡಿರ್ಲಿಲ್ಲ. ನಿನ್ನೆ ತನಕ ಹಾಡ್ತಿದ್ದ ಡಬ್ಬಿ ಇವತ್ತು "ಇದನ್ನ ನಂಬಾಕ ಆಗಂಗಿಲ್ಲ" ಅಂತು. ಫ್ಯಾಕ್ಟರಿ ರೀಸೆಟ್ ಮಾಡಬ್ಯಾಡ್ರಿ ಅಂತ ಕಂಪನಿ ಹೇಳೂದ್ರೊಳಗ ಎಷ್ಟೋ ಮಂದಿ ರೀಸೆಟ್ ಹೊಡದು ಕುಂತಿದ್ರು, ಅವರಿಗೆ ಸರಿ ಆಗೂದು ಇನ್ನಷ್ಟು ತಡ ಆತು. ನಾಲ್ಕೈದು ದಿನಕ್ಕ ಅಪ್‌ಡೇಟ್ ಬಿಡಾಕ ಶುರು ಮಾಡಿದ್ರು, ಅದು ಅವರ ಒಳ್ಳೆತನ ಅನ್ರಿ, ಹತ್ತು ವರ್ಷದ ಹಳೆ ಮಾಲಿಗೆ ಮಾಡಿದ್ರು. 2024ರ ಆಗಸ್ಟಿಗೇ ಕ್ರೋಮ್‌ಕಾಸ್ಟ್ ಮಾಡೂದೇ ಬಂದ್ ಮಾಡೀವಿ ಅಂತ ಹೇಳಿಬಿಟ್ಟಿದ್ರು, "ನಮಗ ಸಂಬಂಧಿಲ್ಲ" ಅಂದಿದ್ರ ಏನ್ ಮಾಡಾಂವ ಇದ್ರಿ?

ಅಂದ್ರ ಡಬ್ಬಿ ನಮ್ದು, ಕೀಲಿ ಅವರ ಕೈಯಾಗ. ಇದರಾಗ ಎಷ್ಟು ಮಂದಿ ಕೀಲಿ ಹಿಡ್ಕೊಂಡಾರ ಲೆಕ್ಕ ಹಾಕ್ರಿ. ಡಬ್ಬಿ ಮಾಡಿದವ್ರು, ಆ್ಯಪ್ ಮಾಡಿದವ್ರು, ನೆಟ್ ಕೊಡವ್ರು. ಜಿಯೋ ಸಿನೆಮಾ ಮತ್ತ ಹಾಟ್‌ಸ್ಟಾರ್ ಎರಡೂ ಕೂಡಿ 2025ರ ಫೆಬ್ರುವರಿಗೆ ಜಿಯೋಹಾಟ್‌ಸ್ಟಾರ್ ಆತು, ಆಗ ನಮ್ಮ ಕಾಕಾ "ನನ್ನ ಡಬ್ಬಿ ಕೆಟ್ಟದ, ಸಿನೆಮಾ ಬಟನ್ ಕಾಣವಲ್ತು" ಅಂತ ನನಗ ನಾಲ್ಕು ಸರ್ತಿ ಫೋನ್ ಮಾಡಿದ್ರು.

ನನ್ನ ಪ್ರಕಾರ ಬಾಳಿಕಿ ಅಂದ್ರ ಅಪ್‌ಡೇಟ್. ಎನ್ವಿಡಿಯಾದ ಶೀಲ್ಡ್ ಟಿವಿ ಅನ್ನೋ ಬಾಕ್ಸ್ 2015ರಾಗ ಬಂದದ್ದು, 2025ರಾಗೂ ಅದಕ್ಕ ಅಪ್‌ಡೇಟ್ ಬಂದದ. ಹತ್ತು ವರ್ಷ! ತುಟ್ಟಿ ಮಾಲು, ನಿಮ್ಮ ಬಜೆಟ್ಟಿನೊಳಗ ಬರಂಗಿಲ್ಲ, ಆದ್ರ ಮನಸ್ಸು ಮಾಡಿದ್ರ ಮಾಡಾಕ ಬರ್ತದ ಅನ್ನೂದಕ್ಕ ಹೇಳಿದೆ. ಉಳಿದವ್ರು ಮಾಡಂಗಿಲ್ಲ, ಅಷ್ಟ.

ಸೋಲ್ಡರ್ ಸೋಮಣ್ಣ:

ಗಿರಮಿಟ್ ಅವ್ರೇ ಒಪ್ದೆ. ಆದ್ರೆ ನನ್ ಟೇಬಲ್ ಮೇಲೆ ಬರೋದ್ರಲ್ಲಿ ಸರ್ಟಿಫಿಕೇಟ್ ಮುಗಿದು ಬಂದಿದ್ದು ಒಂದೂ ಇಲ್ಲ, ಅಡಾಪ್ಟರ್ ಹೋಗಿ ಬಂದಿದ್ದು ಬುಟ್ಟಿ ತುಂಬ ಇದೆ. ನೀವು ಹೇಳಿದ್ದು ಹತ್ತು ವರ್ಷಕ್ಕೆ ಬರೋ ಕಾಯಿಲೆ. ಇವ್ರದ್ದು ಹತ್ತು ತಿಂಗಳಿಗೇ ಸಾಯ್ತಿದೆ.

ಹುಬ್ಬಳ್ಳಿ ಗಿರಮಿಟ್:

ಹತ್ತು ತಿಂಗಳ ಗಂಡಾಂತರ ದಾಟಿದ್ರ ಹತ್ತು ವರ್ಷದ್ದು ಕಾದಿರ್ತದ ಅಂತ ಹೇಳಿದೆ ಅಣ್ಣಾ 😄

ಕೋಡ್ ಕೊಟ್ಟಿಗೆ:

ಒಂದು ವಿಷ್ಯ ಯಾರೂ ಎತ್ಲಿಲ್ಲ. ಮೊದಲನೇ ಹೆಸ್ರಿಲ್ಲದ ಡಬ್ಬಿ ಈಗ ಎಲ್ಲಿದೆ? ದಯವಿಟ್ಟು ಅದನ್ನ ಮತ್ತೆ ವೈಫೈಗೆ ಸೇರಿಸ್ಬೇಡಿ.

ಈ ಥರದ ಬಾಕ್ಸ್‌ಗಳಲ್ಲಿ ಇರೋದು ಆಂಡ್ರಾಯ್ಡ್ ಟಿವಿ ಅಲ್ಲ, ಓಪನ್ ಸೋರ್ಸ್ ಆಂಡ್ರಾಯ್ಡನ್ನ ತಗೊಂಡು ಮೇಲೊಂದು ಟಿವಿ ಥರದ ಮುಖ ಅಂಟಿಸಿರೋದು. ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್ (ಪರೀಕ್ಷೆ ಮಾಡಿ ಒಪ್ಪಿರೋ ಗುರ್ತು) ಇರಲ್ಲ. ಫ್ಯಾಕ್ಟರಿಯಿಂದ ಬರೋವಾಗ್ಲೇ ವೈರಸ್ ಒಳಗಿರೋ ಕೇಸ್ ಬೇಕಾದಷ್ಟು. 2024ರ ಸೆಪ್ಟೆಂಬರಲ್ಲಿ ಡಾಕ್ಟರ್ ವೆಬ್ ಅನ್ನೋ ಆ್ಯಂಟಿವೈರಸ್ ಕಂಪನಿ, ವಾಯ್ಡ್ ಅನ್ನೋ ಮಾಲ್‌ವೇರ್ 197 ದೇಶದ ಸುಮಾರು 13 ಲಕ್ಷ ಟಿವಿ ಬಾಕ್ಸ್‌ಗಳಲ್ಲಿ ಇದೆ ಅಂತ ಹೇಳ್ತು. 2025ರ ಜೂನಲ್ಲಿ ಅಮೆರಿಕದ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಅನ್ನೋದ್ರ ಬಗ್ಗೆ ಜನರಿಗೆ ಎಚ್ಚರಿಕೆ ಕೊಡ್ತು, ಮರು ತಿಂಗಳು ಗೂಗಲ್ ಅದನ್ನ ನಡೆಸೋರ ಮೇಲೆ ನ್ಯೂಯಾರ್ಕಲ್ಲಿ ಕೇಸ್ ಹಾಕ್ತು, ಒಂದು ಕೋಟಿಗಿಂತ ಜಾಸ್ತಿ ಡಿವೈಸ್ ಅದ್ರ ಹಿಡಿತದಲ್ಲಿದೆ ಅಂತ.

ಅದು ನಿಮ್ಮ ಫೋಟೋ ಕದಿಯೋಕೆ ಬಂದಿರಲ್ಲ. ನಿಮ್ಮ ಮನೆ ನೆಟ್ಟನ್ನ ಬಾಡಿಗೆಗೆ ಬಿಟ್ಟಿರುತ್ತೆ. ಎಲ್ಲೋ ಕೂತಿರೋ ಯಾರೋ ನಿಮ್ಮ ಐಪಿ ಅಡ್ರೆಸ್ ಹಾಕ್ಕೊಂಡು ಸುಳ್ಳು ಅಕೌಂಟ್ ಮಾಡ್ತಾರೆ, ಜಾಹೀರಾತು ಕ್ಲಿಕ್ ಮಾಡ್ತಾರೆ. ನಾಳೆ ವಿಚಾರಿಸ್ಕೊಂಡು ಬಂದ್ರೆ ಬರೋದು ನಿಮ್ಮ ಅಪ್ಪನ ಹೆಸ್ರಿಗೆ. ರಾತ್ರಿ ಎಲ್ಲಾ ನೆಟ್ ಎಳೀತಾ ಬಾಕ್ಸ್ ಬಿಸಿ ಆಗೋದು, ನಿಧಾನ ಆಗೋದು ಇದ್ರದ್ದೇ ಪ್ರಸಾದ ಇರ್ಬೋದು. ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಹೋಗಲ್ಲ, ಸಿಸ್ಟಮ್ ಒಳಗೇ ಕೂತಿರುತ್ತೆ.

ಇನ್ನೊಂದು ಸಣ್ಣದು, ಅಂಥ ಬಾಕ್ಸಲ್ಲಿ ವೈಡ್‌ವೈನ್ (ವಿಡಿಯೋ ಕದಿಯದ ಹಂಗೆ ಕಾಯೋ ಬೀಗ) ಎಲ್-1 ಮಟ್ಟದ್ದು ಇರಲ್ಲ, ಕೆಳಗಿನ ಎಲ್-3 ಇರುತ್ತೆ, ಅಂದ್ರೆ ಡಬ್ಬಿ ಮೇಲೆ 4ಕೆ, 8ಕೆ ಅಂತ ಏನೇ ಬರೆದಿರ್ಲಿ, ದುಡ್ಡು ಕೊಟ್ಟು ನೋಡೋ ಎಷ್ಟೋ ಆ್ಯಪ್‌ಗಳಲ್ಲಿ ಹಳೇ ಡಿವಿಡಿ ಕ್ವಾಲಿಟಿ ಅಷ್ಟೇ ಬರೋದು.

ಕಾನ್ಮನೆ ಹುಡುಗ:

ಅಯ್ಯೋ. ಈಗಷ್ಟೇ ಮನೆಗೆ ಫೋನ್ ಮಾಡಿ ಕೇಳ್ದೆ. ಆ ಡಬ್ಬೀನ ಅಪ್ಪ ಪಕ್ಕದ ಮನೆ ಮಾಣಿಗೆ ಕೊಟ್ಟಿದ್ರಂತೆ, ಅವ್ನು ಪೇಟೇಲಿ ಯಾರ ಹತ್ರನೋ ಸಾಫ್ಟ್‌ವೇರ್ ಹಾಕ್ಸಿ ಸರಿ ಮಾಡ್ಕೊಂಡಿದಾನೆ. ಇಷ್ಟೇ ಆಗಿದ್ರೆ ನಂಗೇನು. ಅವ್ರ ಮನೇಲಿ ನೆಟ್ ಇಲ್ಲ, ನಮ್ಮ ವೈಫೈ ಪಾಸ್‌ವರ್ಡ್ ಅಪ್ಪಾನೇ ಕೊಟ್ಟಿದಾರೆ. ಅಂದ್ರೆ ಎರಡು ವರ್ಷದಿಂದ ಅದು ನಮ್ಮ ನೆಟ್ಟಲ್ಲೇ ಇದೆ 🤦

ಹೆಂಗೆ ಬಿಡ್ಸೋದು? ಪಾಸ್‌ವರ್ಡ್ ಬದಲಾಯಿಸಿದ್ರೆ ಸಂಬಂಧ ಕೆಡುತ್ತೆ, ತೋಟಕ್ಕೆ ಔಷ್ಧಿ ಹೊಡೆಯೋಕೆ ಬರೋದು ಅವ್ರಪ್ಪಾನೇ.

ಪುತ್ತೂರಿನ ಮಳೆ:

ಹಹ್ಹಾ, ಕೊಳೆ ರೋಗಕ್ಕೆ ಔಷಧಿ ಮೊದಲು, ವೈರಸ್ ಆಮೇಲೆ.

ಕೋಡ್ ಕೊಟ್ಟಿಗೆ:

ಪಾಸ್‌ವರ್ಡ್ ಬದಲಾಯಿಸ್ಬೇಡಿ. ರೂಟರಲ್ಲಿ ಗೆಸ್ಟ್ ನೆಟ್‌ವರ್ಕ್ ಅಂತ ಇದ್ರೆ ಅದನ್ನ ಮಾಡಿ ಅವನ ಫೋನಿಗೆ ಮಾತ್ರ ಕೊಡಿ, ಬಾಕ್ಸನ್ನ ಮ್ಯಾಕ್ ಅಡ್ರೆಸ್ (ಪ್ರತಿ ಡಿವೈಸಿಗೂ ಇರೋ ಗುರ್ತಿನ ನಂಬರ್) ಹಾಕಿ ಬ್ಲಾಕ್ ಮಾಡಿ. ಆದ್ರೆ ಒಂದು ಸೆಕೆಂಡ್ ಹ್ಯಾಂಡ್ ಒಳ್ಳೇ ಸ್ಟಿಕ್ ಅವ್ನಿಗೆ ಕೊಟ್ಟು ಆ ಡಬ್ಬಿ ಈಸ್ಕೊಳ್ಳೋದು ಎಲ್ಲಕ್ಕಿಂತ ಸಲೀಸು ಅನ್ಸುತ್ತೆ.

ಬಾಕ್ಸ್ ತಗೊಳ್ಳೋವಾಗ ಇನ್ನೊಂದು, ಎವಿ1 (ವಿಡಿಯೋನ ಚಿಕ್ಕದು ಮಾಡಿ ಕಳ್ಸೋ ಹೊಸ ವಿಧಾನ) ಡಿಕೋಡ್ ಹಾರ್ಡ್‌ವೇರಲ್ಲಿ ಇದ್ಯಾ ಅಂತ ನೋಡಿ. ಯೂಟ್ಯೂಬ್ ಈಗ ಅದ್ರಲ್ಲೂ ವಿಡಿಯೋ ಕೊಡ್ತಿದೆ. ಅಮ್‌ಲಾಜಿಕ್ ಚಿಪ್ಪಿನ ಎಸ್905ಎಕ್ಸಲ್ಲಿ ಇಲ್ಲ, ಎಸ್905ಎಕ್ಸ್4ರಲ್ಲಿ ಇದೆ. ಡಬ್ಬಿ ನೋಡೋಕೆ ಎರಡೂ ಒಂದೇ ಥರ ಇರುತ್ತೆ.

ಕಾನ್ಮನೆ ಹುಡುಗ:

(ಹತ್ತು ದಿನ ಬಿಟ್ಟು)

ದಸರಾ ರಜಕ್ಕೆ ಊರಿಗೆ ಹೋಗಿ ಬಂದೆ. ವರದಿ ಒಪ್ಪಿಸ್ತಿದೀನಿ.

ನಾನು ಹೋದ ದಿನ ಸಂಜೇನೇ ಕರೆಂಟ್ ಹೋಗಿ ಬಂತು, ಅದೃಷ್ಟ ಅಂತಾನೇ ಅನ್ಕೊಂಡೆ. ಓಡೋಗಿ ನೋಡಿದ್ರೆ ಬಾಕ್ಸಲ್ಲಿ ತಾರೀಖು 2015ರ ಜನವರಿ 1. ಸೋಮಣ್ಣ ಸಾರ್, ನಿಮಗೆ ಒಂದು ಕವಳ ಬಾಕಿ. ಕೈಯಲ್ಲಿ ತಾರೀಖು ತಿದ್ದಿದ್ದೇ ಯೂಟ್ಯೂಬ್ ಓಪನ್ ಆಯ್ತು. ಮೋಡೆಮ್ಮಿಗೆ ಮಿನಿ ಯುಪಿಎಸ್ ಹಾಕಿದೆ, ಆಮೇಲೆ ಮೂರು ಸಲ ಕರೆಂಟ್ ಹೋಯ್ತು, ಮೂರು ಸಲಾನೂ ಬಾಕ್ಸ್ ತಾನೇ ಸರಿಯಾದ ಟೈಮ್ ಹಿಡ್ಕೊಂಡು ಎದ್ದಿದೆ. ಅಪ್ಪ ನಂಬ್ತಿಲ್ಲ, "ನೀನಿದೀಯ ಅಂತ ಸರಿ ಇದೆ, ನೀ ಹೋದ್ಮೇಲೆ ನೋಡು" ಅಂದ್ರು.

ಅಡಾಪ್ಟರನ್ನ ಪೇಟೆ ಟಿವಿ ಮೆಕ್ಯಾನಿಕ್ ಹತ್ರ ತಗೊಂಡೋಗಿ ಲೋಡ್ ಹಾಕ್ಸಿ ನೋಡ್ದೆ, 4.6 ವೋಲ್ಟ್. ಒಂದು ವರ್ಷಾನೂ ಆಗಿಲ್ಲ! ಬಾಕ್ಸನ್ನ ಅಮ್ಮ ಟಿವಿ ಹಿಂದೆ ಮೂಲೇಲಿ, ಧೂಳು ಬೀಳ್ಬಾರ್ದು ಅಂತ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ರು. ಅಡಾಪ್ಟರ್ ಸಮೇತ. ನಂಗೆ ಇದನ್ನ ಇಷ್ಟು ದಿನ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಹೊಸ 5 ವೋಲ್ಟ್ 3 ಆಂಪ್ಸ್ ಅಡಾಪ್ಟರ್ 350 ರೂಪಾಯಿ, ಐಎಸ್ ನಂಬರ್ ಇರೋದೇ ತಗೊಂಡೆ.

ಡಿಶ್ಶಿನ ಕೇಬಲ್ ಹೌದು, ಇತ್ತು. ರೀಚಾರ್ಜ್ ನಿಲ್ಸಿ ಮೂರು ವರ್ಷ ಆದ್ರೂ ಹಳೇ ಸೆಟ್‌ಟಾಪ್ ಬಾಕ್ಸು, ಅದ್ರಿಂದ ಟಿವಿಗೆ ಎಚ್‌ಡಿಎಂಐ, ಎಲ್ಲಾ ಹಂಗೇ. ಸತ್ತಿರೋ ಎಚ್‌ಡಿಎಂಐ ಪೋರ್ಟ್ ಅದೇ. ಕೇಬಲ್ ಬಿಚ್ಚಿ ಸುತ್ತಿ ಮೆತ್ತಿಗೆ ಹಾಕ್ದೆ. ಅರ್ತಿಂಗ್ ನೋಡೋಕೆ ಎಲೆಕ್ಟ್ರಿಷಿಯನ್ ಬಂದಿದ್ದ, ಮೂರನೇ ಕಣ್ಣಿನ ಹಿಂದೆ ವೈರ್ ಇದೆ, ಆದ್ರೆ ಅದು ಗೋಡೆ ಹೊರಗೆ ಬಂದು ಬಚ್ಚಲ ಹಿಂದೆ ಗಾಳೀಲಿ ನೇತಾಡ್ತಿದೆ! ಅಡಿಕೆ ಕೊಯ್ಲು ಶುರು ಆಗೋಕೆ ಮುಂಚೆ ಗುಂಡಿ ತೆಗ್ಸಿ ಮಾಡ್ಸೋದು ಅಂತ ಆಗಿದೆ. ಲ್ಯಾನ್ ವೈರ್ ಯೋಚ್ನೆ ಕೈಬಿಟ್ಟೆ.

ಮಾಣಿ ವಿಷ್ಯ ಸುಲಭ ಆಯ್ತು, ಅವ್ನಿಗೆ ಬೇಕಾಗಿದ್ದು ಕ್ರಿಕೆಟ್ಟು, ಆ ಡಬ್ಬೀಲಿ ಅದು ಸರಿಯಾಗಿ ಬರ್ತಾನೇ ಇರ್ಲಿಲ್ಲವಂತೆ. ಸೆಕೆಂಡ್ ಹ್ಯಾಂಡ್ ಸ್ಟಿಕ್ ಒಂದು ಕೊಟ್ಟೆ. ಹಳೇದನ್ನ ಖುಷಿಯಿಂದ ವಾಪಸ್ ಕೊಟ್ಟ.

ಹೊಸ ಬಾಕ್ಸ್ ಸದ್ಯ ತಗೊಳ್ತಿಲ್ಲ.

ಹುಬ್ಬಳ್ಳಿ ಗಿರಮಿಟ್:

ಭಾಳ ಛಲೋ ಆತು. ಒಂದ್ ಮಾತು, ಅಪ್ಪಾರಿಗೆ ಇಷ್ಟ ಇರೋ ಪ್ರಸಂಗದ ಡಿವಿಡಿ ಗಿವಿಡಿ ಮನ್ಯಾಗ ಇದ್ರ ಅವನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ರಿ. ನೆಟ್ ಇಲ್ದಾಗೂ ನೋಡಾಕ ಬರ್ತದ. ಬಾಕ್ಸಿನ್ಯಾಗ ವಿಡಿಯೋ ಓಡಿಸೋ ಆ್ಯಪ್ ಕೋಡಿ ಅಥವಾ ವಿಎಲ್‌ಸಿ ಹಾಕಿದ್ರ ಅದರಾಗಿಂದನ ಓಡ್ತದ, ಯಾರ ಸರ್ಟಿಫಿಕೇಟೂ ಬ್ಯಾಡ, ಯಾರ ಸರ್ವರ್ರೂ ಬ್ಯಾಡ.

ಕಾನ್ಮನೆ ಹುಡುಗ:

ಇದು ಒಳ್ಳೇ ಐಡಿಯಾ. ನಮ್ಮೂರಲ್ಲೇ ಆದ ಆಟಗಳ ವಿಡಿಯೋ ಚಿಕ್ಕಪ್ಪನ ಹತ್ರ ಇದೆ, ರಾತ್ರಿ ಪೂರ್ತಿದು. ಒಂದೊಂದು ಫೈಲೂ 6-7 ಜಿಬಿ, ಪೆನ್‌ಡ್ರೈವಿಗೆ ಹೋಗ್ತಾನೇ ಇಲ್ಲ, ಜಾಗ ಇದ್ರೂ ಆಗಲ್ಲ ಅನ್ನುತ್ತೆ.

ಕೋಡ್ ಕೊಟ್ಟಿಗೆ:

ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಲ್ಲಿದೆ. ಅದ್ರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಂಗಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ನಿಮ್ಮ ಬಾಕ್ಸ್ ಅದನ್ನ ಓದುತ್ತಾ ಮೊದಲು ಒಂದು ಸಣ್ಣ ಫೈಲ್ ಹಾಕಿ ನೋಡಿ. ಓದ್ಲಿಲ್ಲ ಅಂದ್ರೆ ವಿಡಿಯೋನ ಎರಡು ತುಂಡು ಮಾಡಿ.

ಕಾನ್ಮನೆ ಹುಡುಗ:

ಎರಡು ತುಂಡು ಮಾಡಿದ್ರೆ ಅಪ್ಪ ಕೇಳ್ತಾರೆ, ಆಟ ಅರ್ಧಕ್ಕೇ ಯಾಕೆ ನಿಂತೋಯ್ತು ಅಂತ 😅 ಎಕ್ಸ್‌ಫ್ಯಾಟೇ ಮಾಡ್ತೀನಿ.

ಇವತ್ತು ಬೆಳಗ್ಗೆ ಅಮ್ಮ ಫೋನ್ ಮಾಡಿದ್ರು. ನಿನ್ನೆ ಮಧ್ಯಾಹ್ನ ದೂರದಲ್ಲಿ ಗುಡುಗು ಕೇಳಿದ್ದೇ ಅಪ್ಪ ಎದ್ದೋಗಿ ಮನೇಲಿದ್ದ ಪ್ಲಗ್ ಅಷ್ಟೂ ಕಿತ್ತಿದಾರೆ, ಫ್ರಿಜ್ಜು ಮಿಕ್ಸಿ ಸೇರ್ಸಿ. ಆಮೇಲೆ ಯಾವ್ದು ಯಾವ ಸಾಕೆಟ್ಟಿಂದು ಅಂತ ಗೊತ್ತಾಗ್ದೆ ಮೋಡೆಮ್ಮಿನ 12 ವೋಲ್ಟ್ ಪಿನ್ನನ್ನ ಬಾಕ್ಸಿಗೆ ಚುಚ್ಚೋಕೆ ಹೋಗಿದ್ರಂತೆ, ಪುಣ್ಯಕ್ಕೆ ಪಿನ್ ಸೈಜ್ ಬೇರೆ ಇತ್ತು.

ಸೋಲ್ಡರ್ ಸೋಮಣ್ಣ:

ಅಯ್ಯಪ್ಪಾ, ಹೋಗಿದ್ರೆ 5 ವೋಲ್ಟಿನ ಬಾಕ್ಸು ಅಲ್ಲೇ ಹೊಗೆ. ಪ್ರತಿ ಪಿನ್ನಿಗೂ ಬಣ್ಣದ ಇನ್ಸುಲೇಷನ್ ಟೇಪ್ ಸುತ್ತೋಕೆ ಹೇಳಿ, ಮೋಡೆಮ್ಮಿಗೆ ಕೆಂಪು, ಬಾಕ್ಸಿಗೆ ಹಳದಿ. ಹೋಗೋ ತೂತಿನ ಪಕ್ಕಾನೂ ಅದೇ ಬಣ್ಣದ್ದು ಒಂದು ಚೂರು ಅಂಟಿಸಿ.

ಕಾನ್ಮನೆ ಹುಡುಗ:

ಅಮ್ಮ ಆಗ್ಲೇ ಮಾಡಿದಾರೆ ಸಾರ್. ಟೇಪ್ ಇರ್ಲಿಲ್ಲ, ಒಂದಕ್ಕೆ ಕುಂಕುಮ ಒಂದಕ್ಕೆ ಅರಿಶಿನ.